ಎರಡು ಒಲೆಯ ಬೆಕ್ಕು

27-11-1977, ಭಾನುವಾರ

ಬೆಕ್ಕನ್ನು ತೂಗಿಸಿ ಬಂದೆ. ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಓಣಿಯ ತುದಿಯ ಅಕ್ಕಿ ಮಿಲ್ಲಿಗೆ. ಹಮಾಲರೆಲ್ಲ ಕೆಲಸ ಬಿಟ್ಟು ನೋಡಲು ನಿಂತರು. ‘ಯಾವ ಭತ್ತರೀ ಟೀಚರಮ್ಮ, ಸಣ್ಣಂದೋ ದಪ್ಪಂದೋ?’ ಅಂತ ಒಬ್ಬ. ಹಲ್ಲು ಕಿಸಿಯುವುದಕ್ಕೆ ಇವರಿಗೆ ಬೇರೆ ಕೂಲಿ ಬೇಕಿಲ್ಲ. ಚೀಲದ ತೂಕ ಕಳೆದು ಏಳೂವರೆ ಕಿಲೋ. ಶಿವರಾತ್ರಿ ಹೊತ್ತಿಗೆ ನನ್ನ ಅಂದಾಜಿಗೆ ಐದಿತ್ತು.

ಇಷ್ಟು ದಿನ ಬರೀ ಕಣ್ಣಳತೆ. ಇನ್ನು ಸಾವಂತ್ರಮ್ಮ ‘ಅದರ ಮೈಕಟ್ಟೇ ಹಂಗ’ ಅನ್ನಲು ಬರುವುದಿಲ್ಲ.

ಅತ್ತೆ ಇಟ್ಟ ಹೆಸರು ಮುತ್ತ. ಓಣಿಯವರು ಕರೆಯುವುದು ಸಾವ್ಕಾರ. ಗೋಡೆಯ ಮೇಲೆ ಓಡಾಡುತ್ತಿದ್ದ ಪ್ರಾಣಿ, ಈಗ ಹೊಸ್ತಿಲು ದಾಟುವಾಗ ಹೊಟ್ಟೆ ತಾಗುತ್ತದೆ. ನಿನ್ನೆ ಒಂದು ಇಲಿ ಇದರ ಮುಂದೆಯೇ ಹೋಯಿತು. ಓಡಲಿಲ್ಲ, ನಡೆದುಕೊಂಡು ಹೋಯಿತು. ಇನ್ನೇನು ದೇಶನೂರಿನ ಹೊಲದ ಭತ್ತ ಮನೆಗೆ ಬರುವ ಕಾಲ.

ಯಾರು ತಿನ್ನಿಸುತ್ತಾರೆ ಅಂತ ಕೇಳಬೇಕಾಗಿಯೇ ಇಲ್ಲ. ಈ ತಿಂಗಳು ಅತ್ತೆಯ ಊಟ ಸಾವಂತ್ರಮ್ಮನ ಒಲೆಯಲ್ಲಿ. ಅತ್ತೆ ಎಲ್ಲೋ ಬೆಕ್ಕು ಅಲ್ಲೇ.

ನನ್ನ ನೆಗೆಣ್ಣಿ. ಭಾವನ ಹೆಂಡತಿ. ಎರಡು ವರ್ಷದ ಹಿಂದೆ, ಬಂದ ಬೀಗರ ಮುಂದೆ, ‘ನಮ್ಮ ಸುವರ್ಣಮ್ಮ ಟೀಚರು, ಬೇಸಿದ್ದನ್ನ ತಿನ್ನಾಕ ಅಷ್ಟ ಬರ್ತೈತಿ’ ಅಂದಳು. ಎಲ್ಲರೂ ನಕ್ಕರು. ನನ್ನ ಗಂಡ, ಇವರೂ ನಕ್ಕರು. ಆ ಸಂಜೆಯೇ ಹಿತ್ತಲ ಕಡೆ ಮೂರು ಕಲ್ಲು ಇಟ್ಟು ನನ್ನ ಒಲೆ ಹಚ್ಚಿದೆ. ಆಮೇಲೆ ಅಂಗಳದ ನಡುವೆ ಗೋಡೆ. ಆಮೇಲೆ ಮಾತಿಲ್ಲ. ಅವಳ ಮಗಳು ಗಂಡನ ಮನೆಗೆ ಹೋದಳು, ನನಗೆ ಮಕ್ಕಳಿಲ್ಲ. ದ್ವೇಷಕ್ಕೆ ಇಬ್ಬರಿಗೂ ಪುರುಸೊತ್ತು ಬೇಕಾದಷ್ಟಿದೆ.

28-11-77

ಸ್ಕೂಲು ಬಿಟ್ಟ ಮೇಲೆ ದನದ ದವಾಖಾನೆ. ಮೂರು ಎಮ್ಮೆ, ಒಂದು ಹೋರಿ, ಬುಟ್ಟಿಯಲ್ಲಿ ಬೆಕ್ಕು ಹೊತ್ತ ನಾನು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರು.

‘ಏನ್ ತಿನ್ನಿಸ್ತೀರಿ ಇದಕ್ಕ?’

‘ನಾವು ತಿನ್ನಿಸೋದಿಲ್ರಿ. ಬಾಜೂಕಿನವ್ರು.’

‘ಯಾರರ ಆಗ್ಲಿ, ನಿಲ್ಲಸ್ರಿ. ಎದಿ ತಡಿಯೋದಿಲ್ಲ. ಹಿಂಗ ಬಿಟ್ರ ಬ್ಯಾಸಗಿ ಕಾಣೋದಿಲ್ಲ ಇದು.’

ದಿನಕ್ಕೆ ಎರಡು ಹೊತ್ತು, ಒಂದು ಬಟ್ಟಲು ನೀರು ಬೆರೆಸಿದ ಹಾಲು, ಕಾಲು ರೊಟ್ಟಿ. ತುಪ್ಪ, ಅನ್ನ ಬಂದ್.

ಅತ್ತೆಗೆ ಹೇಳಿದೆ. ಬೆಕ್ಕನ್ನು ಎದೆಗೆ ಒತ್ತಿಕೊಂಡರು. ‘ಮುತ್ತನ ಕಳಕೊಂಡ್ರ ನನಗ ಯಾರದಾರ ಸುವರ್ಣಾ’ ಅಂದರು. ಅವರ ಸಲುವಾಗಿಯಾದರೂ ಇದನ್ನು ಉಳಿಸಬೇಕು. ಕೊಲ್ಲುತ್ತಿರುವವಳು ಯಾರು ಅಂತ ತೋರಿಸಲೂಬೇಕು. ಎರಡೂ ಮಾಡುತ್ತೇನೆ.

1-12-77

ಬಾಗಿಲು ಬದಲಾಯಿತು. ಅತ್ತೆಯ ಕೋಣೆ ಮನೆಯ ನಟ್ಟ ನಡುವೆ. ಅದಕ್ಕೆ ಎರಡು ಬಾಗಿಲು—ಒಂದು ನಮ್ಮ ಕಡೆ, ಒಂದು ಅವರ ಕಡೆ. ತಿಂಗಳ ಮೊದಲ ದಿನ ಒಂದಕ್ಕೆ ಚಿಲಕ ಬೀಳುತ್ತದೆ, ಇನ್ನೊಂದು ತೆರೆಯುತ್ತದೆ. ಅತ್ತೆ ಕೂತಲ್ಲೇ ಕೂತಿರುತ್ತಾರೆ. ಅಡುಗೆ ಬದಲಾಗುತ್ತದೆ, ಅಷ್ಟೇ.

ಈ ತಿಂಗಳು ನನ್ನದು. ಮೊದಲ ಊಟಕ್ಕೆ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ, ಅನ್ನ, ಬೇಳೆ, ಮೊಸರು, ಮೇಲೆ ಗೋಧಿ ಹುಗ್ಗಿ. ತಟ್ಟೆ ಕಾಣದ ಹಾಗೆ ಬಡಿಸಿದೆ. ‘ಇಷ್ಟ್ಯಾಕವ್ವಾ’ ಅಂದರು. ಅವಳ ಕಡೆಯಿಂದ ಬಂದವರು ಹಸಿದಿರುತ್ತಾರೆ, ನನಗೆ ಗೊತ್ತಿಲ್ಲವೇ.

ಅತ್ತೆ ಒಬ್ಬರೇ ಉಣ್ಣುವುದು. ಬಾಗಿಲು ಮುಂದೆ ಮಾಡಿ, ಲಿಂಗಪೂಜೆ ಮಾಡಿ, ಎಡೆ ತೋರಿಸಿ, ಆಮೇಲೆ ಪ್ರಸಾದ. ಹಳೆಯ ಕಟ್ಟುನಿಟ್ಟು. ಒಂದಗುಳು ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಹೊರಗೆ ಬರುವ ತಟ್ಟೆಯಲ್ಲಿ ಮುಖ ನೋಡಿಕೊಳ್ಳಬಹುದು. ಇವತ್ತೂ ಹಾಗೇ ಬಂತು. ಹುಗ್ಗಿಯ ಗುರುತೂ ಇಲ್ಲ. ಖುಷಿಯಾಯಿತು.

ಆ ಖಾಲಿ ತಟ್ಟೆಯನ್ನು ಗೋಡೆಯ ಹತ್ತಿರ ಹಿಡಿದು, ನಮ್ಮ ಗಿಣಿಗೆ ಹೇಳಿದೆ, ‘ನೋಡಿದೇನಲೇ ರಾಮಾ, ಅತ್ತಿ ಹೆಂಗ ಬಾಯ್ತುಂಬ ಉಂಡಾರ!’

ಆಚೆಯಿಂದ ಅವಳು ತನ್ನ ನಾಯಿಗೆ, ‘ಯಾಕಲೇ ಟೈಗರ್, ಒಂದ ದಿನಕ್ಕ ಕುಣ್ಯಾಕ ಹತ್ಯಾರಲ್ಲೋ, ತಿಂಗಳ ಉಳದೈತಿ.’

ನಮ್ಮ ಮಾತುಕತೆ ಹೀಗೆ. ನಾನು ಗಿಣಿಗೆ, ಅವಳು ನಾಯಿಗೆ. ನಾಯಿ ಬಾಯಿ ಮುಚ್ಚಿಕೊಂಡಿರುತ್ತದೆ. ಗಿಣಿ ಮಾತ್ರ ಅವಳ ದನಿ ಕಲಿತುಬಿಟ್ಟಿದೆ—ದಿನವಿಡೀ ‘ಯಾಕಲೇ ಟೈಗರ್’.

7-12-77

ಪಥ್ಯ ನಡೆದಿದೆ. ಹಾಲು ನಾನೇ ಅಳೆದು ಹಾಕುತ್ತೇನೆ. ಬೆಕ್ಕು ಬಟ್ಟಲು ನೋಡುತ್ತದೆ, ನನ್ನ ಮುಖ ನೋಡುತ್ತದೆ, ನೆಕ್ಕದೆ ಹೋಗುತ್ತದೆ. ಹಸಿದ ಪ್ರಾಣಿಯ ನಡತೆ ಅಲ್ಲ ಇದು. ಎಲ್ಲೋ ಉಂಡು ಬರುತ್ತಿದೆ. ಗೋಡೆ ಹಾರಲು ಅದಕ್ಕೆ ಆಗುವುದಿಲ್ಲ, ಅಂದರೆ ಅವಳು ಹಿತ್ತಲಿಂದ ತಂದು ಹಾಕುತ್ತಿದ್ದಾಳೆ. ತನ್ನ ತಿಂಗಳು ಮುಗಿದರೂ ಕೈ ಸುಮ್ಮನಿಲ್ಲ.

ಮತ್ತೆ ಮಿಲ್ಲಿಗೆ ಹೋದೆ. ಒಂದು ತೊಲೆಯೂ ಇಳಿದಿಲ್ಲ. ಹಮಾಲರು ಈ ಸಲ ಎದ್ದು ನಿಂತು ನಮಸ್ಕಾರ ಮಾಡಿದರು—ಬೆಕ್ಕಿಗೆ.

9-12-77

ಒಂದು ಉಪಾಯ. ಇವತ್ತು ನನ್ನ ಬೇಳೆಗೆ ಅರಿಶಿನ ಜಾಸ್ತಿ. ಬೆಕ್ಕಿನ ಬಾಯಿ ಬೆಳ್ಳಗಿದ್ದರೆ ಅವಳ ಒಲೆಯದು, ಹಳದಿಯಾದರೆ ನನ್ನದು. ಸಂಜೆಗೆ ಗೊತ್ತಾಗುತ್ತದೆ.

ಅದೇ ದಿನ, ಸಂಜೆ

ಹಳದಿ. ಮೀಸೆ, ಗದ್ದ, ಎದೆಯ ಬಿಳಿ ಕೂದಲು, ಎಲ್ಲ ಹಳದಿ. ಅರಿಶಿನದೆಣ್ಣೆಗೆ ಕೂತ ಮದುಮಗನ ಹಾಗೆ.

ನನ್ನದೇ ಬೇಳೆ! ಯಾರು? ಅತ್ತೆಯ ತಟ್ಟೆ ಫಳಫಳ. ನನ್ನದು ನಾನೇ ಉಂಡೆ. ಉಳಿದವರು ಒಬ್ಬರೇ.

ಇವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ‘ನಿನಗ ಹುಚ್ಚ ಹಿಡದೈತೇನಲೇ? ನಾ ಆ ಬೆಕ್ಕಿಗೆ ಯಾಕ ಹಾಕ್ಲಿ?’

‘ನಿಮ್ಮ ಸಾವಂತ್ರಮ್ಮ ವೈನಿ ಹೇಳಿರಬೇಕು.’

ಪೇಪರು ಮಡಚಿ ಎದ್ದು ಹೋದರು. ಆ ದಿನ ಬೀಗರ ಮುಂದೆ ನಕ್ಕವರು ಇವತ್ತು ಬೆಕ್ಕಿಗೆ ಬೇಳೆ ಹಾಕುವುದರಲ್ಲಿ ಏನು ಆಶ್ಚರ್ಯ?

14-12-77

ಬಾಜೂ ಮನೆಯ ಶಾಹಜಾನಬಿ ಜಂಪರು ಹೊಲಿದು ತಂದು ಕೊಟ್ಟಳು. ಹೋಗುವಾಗ ಬಾಗಿಲಲ್ಲಿ ನಿಂತು, ‘ಟೀಚರಮ್ಮ, ನಿಮ್ಮತ್ತಿ ಯಾಕೋ ಸೊರಗ್ಯಾರಲ್ರೀ. ಹೋದ ವರ್ಷದ ಅಳತಿ ಕುಬಸ ಈಗ ಚೀಲ ಆಗೈತಿ ಅವ್ರಿಗೆ’ ಅಂದಳು.

ಮೈ ಉರಿಯಿತು. ಯಾರು ಹೇಳಿಕೊಟ್ಟ ಮಾತು ಅಂತ ಗೊತ್ತು. ನನ್ನ ತಿಂಗಳಲ್ಲೇ ಸೊರಗಿದರು ಅಂತ ಓಣಿಗೆ ಸಾರುವುದು. ಒಳಗೆ ಹೋಗಿ ಅತ್ತೆಯ ತಟ್ಟೆ ತಂದು ಅವಳ ಮುಖದ ಮುಂದೆ ಹಿಡಿದೆ. ‘ನೋಡ್ರಿ. ಒಂದಗಳರ ಉಳದೈತೇನು? ವಯಸ್ಸಾದೋರ ಮೈ ಅಷ್ಟ ಅದು.’

ಪಾಪ, ಹೊಲಿಗೆ ಕೂಲಿಯನ್ನೂ ಕೇಳದೆ ಹೋದಳು. ರಾತ್ರಿ ಅತ್ತೆಗೆ ಇನ್ನೊಂದು ರೊಟ್ಟಿ ಹೆಚ್ಚು ಹಾಕಿದೆ, ತುಪ್ಪ ಸುರಿದು. ನೋಡಿಕೊಳ್ಳಲಿ ಓಣಿ.

18-12-77, ಭಾನುವಾರ

ಇವತ್ತಿನಿಂದ ಊಟದ ಹೊತ್ತಿಗೆಲ್ಲ ಬೆಕ್ಕು ಉಗ್ರಾಣದಲ್ಲಿ. ಹೊರಗಿನಿಂದ ಬೀಗ. ಬೀಗದ ಕೈ ನನ್ನ ಸೊಂಟದಲ್ಲಿ. ಇವರು ಹಾಕಲಿ, ಅವಳು ಹಾಕಲಿ, ಎಲ್ಲರೂ ಉಂಡು ಕೈ ತೊಳೆದ ಮೇಲೆಯೇ ಅದಕ್ಕೆ ಬಿಡುಗಡೆ.

ಅತ್ತೆಗೆ ಮನಸ್ಸಿಲ್ಲ. ‘ಉಣ್ಣಾಗ ಬಾಜೂಕ ಇರ್ಲಿ ಬಿಡವ್ವಾ. ಒಬ್ಬಾಕಿಗೆ ಉಣ್ಣಾಕ ಆಗವಲ್ದು.’

‘ಅದರ ಜೀವ ಉಳೀಬೇಕೋ ಬ್ಯಾಡ್ವೋ ಅತ್ತಿ?’

ತಟ್ಟೆಯನ್ನೇ ನೋಡುತ್ತಾ ಕೂತರು. ಬಹಳ ಹೊತ್ತು ಹಿಡಿಯಿತು ಇವತ್ತು ಊಟಕ್ಕೆ. ಆದರೆ ತಟ್ಟೆ ಬಂದದ್ದು ಕನ್ನಡಿಯ ಹಾಗೇ.

27-12-77

ಆರೂವರೆ!

ಒಂದು ಕಿಲೋ ಇಳಿದಿದೆ. ಉಗ್ರಾಣದ ಇಲಿಯನ್ನು ಮೂಸಿಯಾದರೂ ನೋಡುತ್ತದೆ ಈಗ. ಡಾಕ್ಟರು ‘ಭೇಷ್’ ಅಂದರು. ಇಡೀ ದಾರಿ ಬುಟ್ಟಿ ಹೊತ್ತು ಗೆದ್ದವಳ ಹಾಗೆ ನಡೆದೆ.

ಸಂಜೆ ಆಚೆಯಿಂದ, ‘ಟೈಗರ್, ಯಾರ ಹಾಕ್ಯಾರಲೇ ನಿನಗ? ಹೊಟ್ಟಿ ನಗಾರಿ ಆಗೇತಿ. ತಮ್ಮ ಬೆಕ್ಕ ತೆಳ್ಳಗಾಗ್ಲಿ ಅಂತ ನಮ್ಮ ನಾಯಿ ಕೊಲ್ಲಾಕ ಹತ್ಯಾರೇನು?’

ಗೋಡೆಯ ಸಂದಿಯಿಂದ ನೋಡಿದೆ. ಹೌದು, ನಾಯಿ ಊದಿದೆ. ಅತ್ತೆಯ ಕೋಣೆಯ ಹಿತ್ತಲ ಕಿಟಕಿಯ ಕೆಳಗೆ, ನೆರಳಿಗೆ ಬಿದ್ದುಕೊಂಡಿತ್ತು, ನಾಲಗೆ ಚಾಚಿ.

ಗಿಣಿಗೆ ಹೇಳಿದೆ, ‘ಮಂದಿ ನಾಯಿಗೆ ಹಾಕೋವಷ್ಟು ನಮ್ಮನ್ಯಾಗ ಹೆಚ್ಚಾಗಿಲ್ಲೋ ರಾಮಾ.’ ನಾಯಿ ಊದಿದರೆ ನನಗೇನು. ಒಳಗೊಳಗೇ ನಗು ಬಂತು.

1-1-1978, ಭಾನುವಾರ. ಕುರುಗೋಡು

ಬಾಗಿಲು ಬದಲಾಗುವ ದಿನ. ಬೆಕ್ಕನ್ನು ಅವಳ ಒಲೆಯ ಕಡೆ ಬಿಟ್ಟರೆ ನನ್ನ ಕಷ್ಟವೆಲ್ಲ ಹೊಳೆಯಲ್ಲಿ ಹೋದ ಹಾಗೆ. ಬೆಳಗಿನ ಬಸ್ಸಿಗೇ ಬುಟ್ಟಿ ಹಿಡಿದು ಹೊರಟೆ. ಕುರುಗೋಡಿನಲ್ಲಿ ನನ್ನ ತಂಗಿ ಉಚ್ಚೆಂಗೆಮ್ಮನ ಮನೆ. ಕಂಡಕ್ಟರು ಬೆಕ್ಕಿಗೆ ಟಿಕೆಟ್ ಅಂದ. ಲಗೇಜು ಅಂದೆ. ಬೆಕ್ಕು ಬುಟ್ಟಿಯಲ್ಲೇ ಕೂಗಿತು. ಬಸ್ಸಿನ ತುಂಬ ಜನ ನಕ್ಕರು. ನಗಲಿ.

ಹೊರಡುವಾಗ ಅತ್ತೆ ಬಾಗಿಲ ತನಕ ಬಂದರು. ನನ್ನ ಕೈ ಹಿಡಿದುಕೊಂಡರು. ‘ಒಯ್ಯಬ್ಯಾಡ ಸುವರ್ಣಾ. ನಿನ್ನ ಕೈ ಮುಗೀತೀನಿ.’ ಅವರ ಬೆರಳು ಎಷ್ಟು ಹಗುರ ಇತ್ತು. ‘ಒಂದ ತಿಂಗಳು ಅತ್ತಿ, ಹುಲಿ ಆಗಿ ಬರ್ತೈತಿ’ ಅಂದೆ. ನನ್ನ ಹಿಂದೆಯೇ ನಮ್ಮ ಕಡೆಯ ಚಿಲಕ ಬಿತ್ತು.

ಉಚ್ಚೆಂಗೆಮ್ಮನಿಗೆ ಎಲ್ಲ ಹೇಳಿದ್ದೇನೆ. ಅವಳ ಮನೆಯಲ್ಲಿ ಸುಮ್ಮನೆ ತಿನ್ನಿಸುವವರು ಯಾರೂ ಇಲ್ಲ. ಅವಳ ಅತ್ತೆ ತೀರಿಹೋಗಿ ಬಹಳ ವರ್ಷ.

8-1-78

ಭಾವ ಟೈಗರನ್ನು ದೇಶನೂರಿನ ಹೊಲಕ್ಕೆ ಒಯ್ದು ಗುಡಿಸಲ ಹತ್ತಿರ ಕಟ್ಟಿ ಬಂದರಂತೆ. ಇಲ್ಲಿ ಯಾರೋ ಹಾಕಿ ಹಾಕಿ ಕೆಡಿಸಿದರು ಅಂತ. ಯಾರೋ ಅಂದರೆ ನಾನು. ಇವರು ಸುದ್ದಿ ತಂದು ಹೇಳಿದರು, ಮೀಸೆಯಲ್ಲೇ ನಕ್ಕು.

ಅವಳಿಗೀಗ ಮಾತಾಡಲು ನಾಯಿಯೂ ಇಲ್ಲ. ಗೋಡೆಯ ಆಚೆ ನಿಶ್ಶಬ್ದ. ಅವಳ ದನಿಯಲ್ಲಿ ನನ್ನ ಗಿಣಿ ಮಾತ್ರ, ‘ಯಾಕಲೇ ಟೈಗರ್.’

15-1-78, ಭಾನುವಾರ

ಎರಡು ವರ್ಷದ ಮೇಲೆ ಅವಳು ನನ್ನ ಮುಖ ನೋಡಿ ಮಾತಾಡಿದಳು. ಮಾತೇ ಅದು? ಬೆಂಕಿ.

ನಿನ್ನೆ ಸಂಕ್ರಾಂತಿ. ಇವತ್ತು ಬೆಳಿಗ್ಗೆ ಅವಳ ಎಮ್ಮೆಯ ಕರು ಬಿದ್ದುಕೊಂಡಿತು. ಹೊಟ್ಟೆ ಉಬ್ಬರ. ಎಡಗಡೆ ಡೊಳ್ಳು. ದನದ ಡಾಕ್ಟರನ್ನು ಕರೆಸಿ, ಗಂಟಲಿಗೆ ಕೊಳವೆ ಹಾಕಿಸಿ, ಎಣ್ಣೆ ಕುಡಿಸಿದರು. ಡಾಕ್ಟರು, ‘ಅನ್ನ, ಮಾದ್ಲಿ, ತುಪ್ಪ ಎಲ್ಲಾ ತಿಂದೈತಿ. ಕರಕ್ಕ ಯಾರರ ಹಬ್ಬದ ಅಡಗಿ ಹಾಕ್ತಾರೇನ್ರಿ?’ ಅಂತ ಬೈದದ್ದು ನಮ್ಮ ಅಡುಗೆಮನೆಗೂ ಕೇಳಿತು. ಕರು ಬದುಕಿತು.

ಸಾವಂತ್ರಮ್ಮ ಓಣಿಯ ಬಾಗಿಲಿನಿಂದ ಸುತ್ತಿ ನನ್ನ ಅಂಗಳಕ್ಕೇ ಬಂದಳು.

‘ಏ ಟೀಚರಮ್ಮಾ! ಬಾಯಿಲ್ದ ಪ್ರಾಣಿ ಮ್ಯಾಲೆ ಸೇಡ ತೀರಿಸ್ಕೊಂತಿಯೇನ? ನನಗ ಹಾಕಬೇಕಿತ್ತು ವಿಷ!’

‘ನಿನ್ನ ಕರಕ್ಕ ನಾ ಯಾಕ ಹಾಕ್ಲಿ? ಮಾದ್ಲಿ ಮಾಡಿದಾಕಿ ನೀನು!’

‘ನಾ ಮಾಡಿದ್ದು ಅತ್ತಿ ಉಂಡಾರ. ತಟ್ಟಿ ತೊಳದ ಕುಡದಾರ. ನಿಂದ ಇದು!’

‘ಬೆಕ್ಕ ಕೊಲ್ಲಾಕ ಹತ್ತಿದಾಕಿ ನೀನು. ಅದಕ್ಕ ಊರ ಬಿಡಿಸಿ ಉಳಿಸೀನಿ ನಾನು!’

ಕೈಕೈ ಹತ್ತುವುದೊಂದು ಬಾಕಿ. ಶಾಹಜಾನಬಿ ನಡುವೆ ಬಂದಳು. ಇವರೂ ಭಾವನೂ ಎರಡು ಕಡೆ ಕಂಬದ ಹಾಗೆ ನಿಂತಿದ್ದರು. ಅತ್ತೆ ಕಿಟಕಿಯಿಂದ ಏನೋ ಹೇಳುತ್ತಿದ್ದರು, ಅವರ ದನಿ ಈಚೆಗೆ ಯಾರಿಗೂ ಕೇಳಿಸುವುದಿಲ್ಲ. ‘ನೀವ ಒಳಗ ನಡೀರಿ ಅತ್ತಿ’ ಅಂತ ಇಬ್ಬರೂ ಒಟ್ಟಿಗೆ ಅಂದೆವು. ಎರಡು ವರ್ಷದಲ್ಲಿ ನಾವು ಒಪ್ಪಿದ್ದು ಅದೊಂದೇ ಮಾತು.

ಸಂಜೆಗೆ ಎಮ್ಮೆಯೂ ಕರುವೂ ದೇಶನೂರಿಗೆ.

ಅವಳನ್ನು ನೋಡಿದರೆ ಜಡೆ ಹಿಡಿದು ಎಳೆಯುವಷ್ಟು ಸಿಟ್ಟಿದೆ ನನಗೆ. ಬರೆದಿಡುತ್ತೇನೆ, ಸುಳ್ಳೇಕೆ?

23-1-78

ಕುರುಗೋಡಿನಿಂದ ಬಂದ ಉಚ್ಚೆಂಗೆಮ್ಮನ ಗಂಡ ಹೇಳಿದ. ಬೆಕ್ಕು ಐದಕ್ಕೆ ಬಂದಿದೆ. ಮಾಳಿಗೆ ಹತ್ತುತ್ತದೆ. ಮೊನ್ನೆ ಹೆಗ್ಗಣ ಹಿಡಿಯಿತಂತೆ, ಅದೂ ಬಡಪಾಯಿ ಇಲಿಯಲ್ಲ, ಹೆಗ್ಗಣ.

ಗೆದ್ದೆ.

ಮನೆ ಖಾಲಿ. ಬೆಕ್ಕಿಲ್ಲ, ನಾಯಿಯಿಲ್ಲ, ಕರುವಿಲ್ಲ. ಗಿಣಿ ಒಂದೇ, ಪಂಜರದಲ್ಲಿ. ಇನ್ನು ಯಾರು ಯಾರಿಗೆ ಹಾಕುತ್ತಾರೋ ಹಾಕಲಿ, ನೋಡೋಣ.

26-1-78, ಸಂಜೆ. ಬಳ್ಳಾರಿ

ದೊಡ್ಡ ದವಾಖಾನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ.

ಝೆಂಡಾ ಏರಿಸಿ ಮಕ್ಕಳಿಗೆ ಪೆಪ್ಪರ್‌ಮೆಂಟು ಹಂಚುತ್ತಿದ್ದೆ. ಶಾಹಜಾನಬಿ ಓಡಿ ಬಂದಳು, ತಲೆಯ ಮೇಲೆ ಸೆರಗಿಲ್ಲ. ‘ನಿಮ್ಮತ್ತಿಗೆ ಗಂಟಲಾಗ ತುತ್ತ ಸಿಕ್ಕೈತ್ರಿ!’

ಸಾವಂತ್ರಮ್ಮ ಕೋಣೆಯಲ್ಲಿ ಅತ್ತೆಯ ಬೆನ್ನು ಗುದ್ದುತ್ತಿದ್ದಳು. ಅತ್ತೆಯ ಕಣ್ಣು ಮೇಲಕ್ಕೆ. ಮುಂದೆ ತಟ್ಟೆ, ಅರ್ಧ ರೊಟ್ಟಿ, ಗುಡ್ಡೆ ಅನ್ನ. ಅತ್ತೆಯ ತಟ್ಟೆಯಲ್ಲಿ ಅನ್ನ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾವ ಮಿಲ್ಲಿನವರ ಜೀಪು ತಂದರು. ಅತ್ತೆಯನ್ನು ಎತ್ತಿದೆ. ಎತ್ತಿದ ಮೇಲೆ ಗೊತ್ತಾಯಿತು—ಬೆಕ್ಕಿನ ಬುಟ್ಟಿ ಇದಕ್ಕಿಂತ ಭಾರ ಅನ್ನಿಸಿತ್ತು ನನಗೆ.

ಜೀಪು ಮೋಕ ಊರು ದಾಟುವಾಗ ಉಸಿರು ಇದೆಯೋ ಇಲ್ಲವೋ ಅಂತ ನಾನೂ ಸಾವಂತ್ರಮ್ಮನೂ ಸರದಿಯ ಮೇಲೆ ಮೂಗಿಗೆ ಬೆರಳು ಹಿಡಿದೆವು.

27-1-78. ಬಳ್ಳಾರಿ

ತುತ್ತು ತೆಗೆದರು. ಜೀವ ಇದೆ.

ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಅನ್ನನಾಳದಲ್ಲಿ ಗ್ರೋತ್, ಅಂದರೆ ಗಡ್ಡೆ. ದಾರಿ ಮುಚ್ಚುತ್ತಾ ಬಂದಿದೆ. ‘ಇವರಿಗೆ ಗಟ್ಟಿ ಪದಾರ್ಥ ನುಂಗೋದು ನಿಂತು ವರ್ಷದ ಹತ್ತಿರ ಆಗಿರಬೇಕು. ಮನೆಯಲ್ಲಿ ಯಾರೂ ನೋಡಲಿಲ್ಲವೇ?’

‘ಇಲ್ರಿ, ತಟ್ಟಿ ಖಾಲಿ ಆಗ್ತಿತ್ತು’ ಅಂದಳು ಸಾವಂತ್ರಮ್ಮ.

‘ತೊಳದ ಕುಡೀತಿದ್ರು’ ಅಂದೆ ನಾನು.

ಡಾಕ್ಟರು ನಮ್ಮನ್ನು ನೋಡಿದ ರೀತಿ. ಅವರಿಗೆ ಅರ್ಥವಾಗಲಿಲ್ಲ. ನನಗೆ ಅಲ್ಲೇ, ಆ ಕುರ್ಚಿಯಲ್ಲೇ ಎಲ್ಲ ಅರ್ಥವಾಯಿತು. ಬೆಕ್ಕು, ಅದನ್ನು ಕೂಡಿಹಾಕಿದ ಮೇಲೆ ಕಿಟಕಿಯ ಕೆಳಗಿನ ನಾಯಿ, ನಾಯಿ ಹೋದ ಮೇಲೆ ಅದೇ ಕಿಟಕಿಗೆ ಮುಖ ಮಾಡಿ ಕಟ್ಟಿದ ಕರು. ಹಳದಿ ಮೀಸೆ. ಎಲ್ಲ ಬಾಯಿಗಳನ್ನೂ ಒಂದೊಂದಾಗಿ ಮುಚ್ಚಿಸಿದವಳು ನಾನು.

ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟರು. ಕಿವಿ ಹತ್ತಿರ ಒಯ್ದರೆ ಮಾತು ಕೇಳುತ್ತಿತ್ತು.

‘ಪ್ರಸಾದ ಬಿಡಾಕ ಬರಂಗಿಲ್ಲವ್ವಾ. ಎಡಿ ತೋರ್ಸೋಕಿಂತ ಮದ್ಲ ಮುತ್ತಗ ಹಾಕ್ತಿದ್ದೆ. ಒಂದ ತುತ್ತ ಉಳಿಸ್ಕೊಂತಿದ್ದೆ. ಅದನ್ನ ತಟ್ಟಿ ತೊಳದ ನೀರಾಗ ಕಲಸಿ ಕುಡೀತಿದ್ದೆ. ಸಾಕಾಗ್ತಿತ್ತು. ಕರಾನೂ ಹೋದ ಮ್ಯಾಲೆ ಎಲ್ಲಾ ಹಂಗ ಕಲಸಿ ಕಲಸಿ ಇಳಿಸ್ತಿದ್ದೆ, ನಿನ್ನಿ ಇಳೀಲಿಲ್ಲ.’

‘ಹೇಳಬೇಕಿಲ್ಲೇನು ಅತ್ತಿ!’ ಜೋರಾಗಿಯೇ ಕೇಳಿದೆ. ಸಿಟ್ಟು ಬಂದಿತ್ತು. ಅವರ ಮೇಲೂ ಸಿಟ್ಟು.

ನನ್ನನ್ನು ನೋಡಿದರು. ಮಂಚದ ಆ ಕಡೆ ನಿಂತವಳನ್ನು ನೋಡಿದರು.

‘ಹೇಳಿದ್ರ ನೀ ಆಕಿ ಅಡಗಿ ಅಂತಿದ್ದಿ. ಆಕಿ ನಿನ್ನ ಅಡಗಿ ಅಂತಿದ್ಲು. ಮತ್ತ ಇನ್ನೊಂದ ಗ್ವಾಡಿ ಕಟ್ಟತಿದ್ರಿ.’

ಹೌದು. ಕಟ್ಟುತ್ತಿದ್ದೆವು.

ಆಪರೇಷನ್‌ಗೆ ಬೆಂಗಳೂರು ಅಂದರು, ಈ ವಯಸ್ಸಿಗೆ ಖಾತ್ರಿ ಇಲ್ಲ ಅಂತಲೂ ಅಂದರು. ಅತ್ತೆ ಬೇಡ ಅಂದರು. ಗಂಜಿ, ಹಾಲು, ಮಜ್ಜಿಗೆ—ಇಳಿಯುವಷ್ಟು ದಿನ.

12-2-78, ಭಾನುವಾರ

ಮನೆಗೆ ಬಂದು ವಾರ. ಈ ತಿಂಗಳು ನನ್ನದು. ಗಂಜಿ ಬಟ್ಟೆಯಲ್ಲಿ ಸೋಸುತ್ತೇನೆ. ಮೂರು ಚಮಚ ಇಳಿಯುತ್ತದೆ, ನಾಲ್ಕನೆಯದು ಹೊರಗೆ.

ಇವತ್ತು ಕುರುಗೋಡಿಗೆ ಹೋಗಿ ಬೆಕ್ಕನ್ನು ತಂದೆ. ಅತ್ತೆಯ ಮಂಚದ ಮೇಲೆ ಬಿಟ್ಟೆ. ಅತ್ತೆ ಅದರ ಪಕ್ಕೆಲುಬು ಮುಟ್ಟಿ ನೋಡಿ, ‘ಅಯ್ಯ, ನನ್ನಂಗ ಆಗೈತಲ್ಲ’ ಅಂದರು. ನಕ್ಕರು. ನಾನು ಅಡುಗೆಮನೆಗೆ ಬಂದು ಅತ್ತುಬಿಟ್ಟೆ.

ಅವಳ ಕಡೆಯ ಬಾಗಿಲಿಗೆ ಚಿಲಕ ಇದೆ. ಚಿಲಕದ ಆಚೆ ಅವಳು ದಿನಾ ಬಂದು ನಿಲ್ಲುತ್ತಾಳೆ. ಬಳೆ ಸಪ್ಪಳ ಕೇಳುತ್ತದೆ. ತೆಗೆಯಲಿಲ್ಲ. ನನ್ನ ತಿಂಗಳು ಇದು.

1-3-78

ಅವಳ ಪಾಳಿ. ನಮ್ಮ ಕಡೆ ಚಿಲಕ ಹಾಕಲು ಹೋದೆ. ಅತ್ತೆ ಕೈ ಅಲ್ಲಾಡಿಸಿ ಬೇಡ ಅಂದರು. ನಾನೇ ಗೆದ್ದೆ ಅನ್ನಿಸಿತು ಒಂದು ಗಳಿಗೆ. ಇಂಥ ಹೊತ್ತಿನಲ್ಲೂ ಗೆಲುವು ಲೆಕ್ಕ ಹಾಕುತ್ತೇನೆ. ನಾಚಿಕೆಗೇಡಿ.

ಮಧ್ಯಾಹ್ನ ನಾನು ಗಂಜಿ ಹಿಡಿದು ಈ ಬಾಗಿಲಲ್ಲಿ, ಅವಳು ಗಂಜಿ ಹಿಡಿದು ಆ ಬಾಗಿಲಲ್ಲಿ.

‘ಇವತ್ತ ಪಾಳಿ ನಂದು’ ಅಂದಳು.

‘ಗೊತ್ತೈತಿ.’

‘ಮತ್ಯಾಕ ತಂದಿ?’

‘ನಿಮ್ಮದು ಗಟ್ಟಿ ಆಗಿದ್ರ ಇರ್ಲಿ ಅಂತ.’

ಮೂಗು ಮುರಿದಳು. ನನ್ನ ಲೋಟದೊಳಗೆ ಇಣುಕಿ ನೋಡಿ, ‘ಇದು ಗಂಜಿ ಅಲ್ಲ, ಅಕ್ಕಿ ತೊಳದ ನೀರು’ ಅಂದಳು. ಆದರೂ ಎರಡನ್ನೂ ಒಂದೇ ಲೋಟಕ್ಕೆ ಸುರಿದದ್ದು ಅವಳೇ.

ಅತ್ತೆ ಎಡೆ ತೋರಿಸಿದರು. ಎರಡು ಚಮಚ ಇಳಿಯಿತು. ಮೂರನೆಯದಕ್ಕೆ ಬಾಯಿ ಮುಚ್ಚಿದರು. ಲೋಟ ಹಿಡಿದುಕೊಂಡೇ, ಹಳೆಯ ರೂಢಿಯ ಮೇಲೆ, ಬೆಕ್ಕಿಗಾಗಿ ಸುತ್ತ ನೋಡಿದರು. ಬೆಕ್ಕು ಕಿಟಕಿಯ ಮೇಲಿತ್ತು. ಒಂದೇ ನೆಗೆತಕ್ಕೆ ಇಳಿದು ಬಂತು. ಲೋಟ ಮೂಸಿತು. ತಿರುಗಿ, ಒಂದೇ ನೆಗೆತಕ್ಕೆ ಮತ್ತೆ ಕಿಟಕಿಗೆ ಹೋಯಿತು. ಅದಕ್ಕೀಗ ಇಲಿ ಇದೆ, ಗಂಜಿ ಬೇಡ. ನಾನೇ ಕಲಿಸಿದ ಪಥ್ಯ.

ಎಡೆ ತೋರಿಸಿದ ಮೇಲೆ ಅದು ಪ್ರಸಾದ. ಚೆಲ್ಲುವಂತಿಲ್ಲ. ಅತ್ತೆ ಲೋಟವನ್ನು ಮತ್ತೆ ಬಾಯಿಗೆ ಎತ್ತಿದರು.

ಲೋಟ ಕಸಿದುಕೊಂಡೆ. ಅರ್ಧ ಕುಡಿದೆ. ಇನ್ನರ್ಧ ಆ ಕಡೆ ಚಾಚಿದೆ. ಎರಡು ವರ್ಷದಿಂದ ನನ್ನ ಕೈಯ ನೀರು ಮುಟ್ಟದವಳು. ಅತ್ತೆ ಅವಳನ್ನೇ ನೋಡುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡಳು, ತೆಗೆದುಕೊಂಡಳು, ಗಟಗಟ ಕುಡಿದಳು. ನೀರು ಹಾಕಿ ತೊಳೆದು ಅದನ್ನೂ ಕುಡಿದಳು. ‘ಉಪ್ಪಿಲ್ಲ’ ಅಂದಳು. ಹೋದಳು.

ಅತ್ತೆ ಮಲಗಿದರು. ಇವತ್ತು ಮುಖ ಸಮಾಧಾನದಲ್ಲಿದೆ.

ಸಂಜೆ

ಅವಳ ದನಿ. ಗಿಣಿ ಇರಬೇಕು ಅಂದುಕೊಂಡು ಬರೆಯುತ್ತಲೇ ಇದ್ದೆ. ಮತ್ತೆ ಕೇಳಿತು.

‘ಸುವರ್ಣಾ!’

ಗಿಣಿಯಲ್ಲ. ಗಿಣಿಗೆ ನನ್ನ ಹೆಸರು ಬರುವುದಿಲ್ಲ. ಆ ದನಿಯಲ್ಲಿ ಅದು ಎಂದೂ ಕೇಳಿಲ್ಲ.

‘ಸುವರ್ಣಾ, ಒಲಿ ಮ್ಯಾಲೆ ಗಂಜಿ ಇಟ್ಟೀನಿ. ಇಬ್ಬರಿಗೂ ಯಾಕ ಬ್ಯಾರೆ ಬ್ಯಾರೆ ಸೌದಿ ಸುಡೋದು? ಉಪ್ಪರೆ ತರ್ತಿಯೋ, ಅದೂ ನಾನ ಹಾಕ್ಲ್ಯೋ?’

ಸೊಕ್ಕು ನೋಡು. ಕರೆಯುವುದರಲ್ಲೂ ಚುಚ್ಚು. ಹೋಗದಿದ್ದರೆ ಅದಕ್ಕೂ ಒಂದು ಮಾತು ಆಡುತ್ತಾಳೆ. ಹೋಗಿ ಬರುತ್ತೇನೆ. ಉಪ್ಪಿನ ಭರಣಿ ಎಲ್ಲಿ ಇಟ್ಟೆ—